ಒಂಟಿ ಸೊಲ್ಲು

ಎಂಟೇ ಇರಬೇಕು, ಎಂಟಕ್ಕಿಂತ ಹೆಚ್ಚು ಹೇಗಾದೀತು ಎಂದುಕೊಳ್ಳುತ್ತ ರಜನಿ ಕಾರ್ಖಾನೆಯ ಬಸ್ಸಿನ ಕಿಟಕಿಗೆ ಹಣೆ ಆನಿಸಿ ಮತ್ತೊಮ್ಮೆ ಎಣಿಸಿದಳು. ಬೆರಳು ಮಡಿಸಿದರೆ ಪಕ್ಕದಲ್ಲಿ ಕೂತ ಮೇಘನಳಿಗೆ ಕಂಡುಬಿಡುತ್ತದೆಂದು ಕೈಯನ್ನು ಊಟದ ಚೀಲದ ಕೆಳಗೆ ಇಟ್ಟುಕೊಂಡು, ಹೆಬ್ಬೆರಳಿನಿಂದ ಒಂದೊಂದೇ ಗೆಣ್ಣು ಮುಟ್ಟುತ್ತ, ತುಟಿ ಅಲುಗದಂತೆ ಪದವನ್ನು ಒಳಗೇ ಹೇಳಿಕೊಂಡಳು.

ಗಾಜು ಒರೆಸವ್ವ, ಗುಂಡಿ ಒತ್ತವ್ವ,
ಸಿಮ್ಮು ಸೇರಿಸವ್ವ, ಸದ್ದು ಕೇಳವ್ವ,
ಕಣ್ಣು ತೆರೆಸವ್ವ, ಬೆಳಕು ನೋಡವ್ವ,
ಗಾಳಿ ಹಿಡಿಸವ್ವ, ಪುಟವ ಬಿಚ್ಚವ್ವ.

ನಾಲ್ಕು ಜೋಡಿ, ಎಂಟು ಸೊಲ್ಲು. ಮಾಲೂರಿನಾಚೆಯ ಮೊಬೈಲ್ ಕಾರ್ಖಾನೆಯಲ್ಲಿ, ಜೋಡಣೆ ಮುಗಿದು ಬಂದ ಪ್ರತಿ ಫೋನನ್ನೂ ಅವಳ ಲೈನಿನ ಹನ್ನೆರಡು ಹೆಂಗಸರು ಮಾಸ್ಕಿನೊಳಗೆ ಈ ಪದವನ್ನು ಗುನುಗುತ್ತಲೇ ಪರೀಕ್ಷಿಸುತ್ತಿದ್ದರು. ಒಂದು ಸೊಲ್ಲಿಗೆ ಒಂದು ಕೆಲಸ. ಕಣ್ಣು ಎಂದರೆ ಕ್ಯಾಮೆರಾ, ಗಾಳಿ ಎಂದರೆ ವೈಫೈ, ಪುಟ ಎಂದರೆ ಇಂಟರ್ನೆಟ್ಟಿನ ಪುಟ. ಪದ ಮುಗಿದರೆ ಫೋನು ಮುಗಿಯಿತು. ಕೋಲಾರದಲ್ಲಿ ಬಸ್ಸು ಹತ್ತಿದ ಮೇಘನ ಕೂತ ಕೂಡಲೇ ಕೇಳಿದ್ದಳು: "ಅಕ್ಕಾ, ಒಂದು ಕೇಳ್ಲಾ? ತಪ್ಪು ತಿಳ್ಕೋಬೇಡಿ. ಟಿಕ್ ಹಾಕೋ ಶೀಟಲ್ಲಿ ಒಂಬತ್ತು ಕೆಲಸ ಐತೆ. ನಿಮ್ಮ ಪದದಲ್ಲಿ ಎಂಟೇ ಬರ್ತದೆ." ತಾಯಲೂರಿನ ಹುಡುಗಿ, ಕೋಲಾರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಬರುವವಳು. ಲೈನಿಗೆ ಬಂದು ಎರಡೇ ದಿನ, ಇನ್ನೂ ಬೆಂಚು ಕೊಟ್ಟಿರಲಿಲ್ಲ, ಹಿಂದೆ ನಿಂತು ನೋಡುವುದಷ್ಟೇ ಅವಳ ಕೆಲಸ. ರಜನಿ ಹಿಂದಿನ ಸೀಟಿಗೂ ಕೇಳುವಂತೆ, "ನೀನು ಮೊದ್ಲು ಎಣಿಸೋದು ಕಲಿತ್ಕೊಳ್ಳೇ ತಾಯಿ, ಪದ ಆಮೇಲೆ ಕಲಿಯುವಂತೆ" ಎಂದುಬಿಟ್ಟಿದ್ದಳು. ಹಿಂದಿನವರು ನಕ್ಕರು. ಹುಡುಗಿ ತಲೆ ತಗ್ಗಿಸಿ ಚೀಲದ ಜಿಪ್ಪನ್ನು ಎಳೆದು ಮುಚ್ಚಿದಳು, ಮತ್ತೆ ತೆರೆದು ಮತ್ತೆ ಮುಚ್ಚಿದಳು. ಆ ಜಿಪ್ಪಿನ ಸದ್ದು ನಿಂತ ಮೇಲೂ ರಜನಿಯ ಕಿವಿಯಲ್ಲಿ ಉಳಿಯಿತು. ಏಕೆಂದರೆ ನಗು ಹೊರಡುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಶೀಟಿನಲ್ಲಿ ಒಂಬತ್ತಿತ್ತು. ಸೋಮವಾರದಿಂದ ಒಂಬತ್ತಿತ್ತು. ಇಂದು ಗುರುವಾರ.

ಪದ ಅವಳು ಕಟ್ಟಿದ್ದಲ್ಲ. ಅವಳ ಊರು ಯಲ್ದೂರಿನ ಸುತ್ತಿನ ರಾಗಿ ಹೊಲಗಳಲ್ಲಿ ಕಳೆ ಕೀಳುವ ಹೆಂಗಸರು ಸಾಲು ಹಿಡಿದು ಕೂತಾಗ ಒಬ್ಬಳು ಮುಂದೆ ಹೇಳುತ್ತಾಳೆ, ಉಳಿದವರು ಸೊಲ್ಲು ಸೇರಿಸುತ್ತಾರೆ. 'ಬಗ್ಗಿ ಕೀಳವ್ವ, ಬೇರು ನೋಡವ್ವ' ಎಂದು ಶುರುವಾಗುವ ಆ ಪದವನ್ನು ತಾಯಲೂರು ಕಡೆ ಪೂರ್ತಿ ತೆಲುಗಿನಲ್ಲಿ ಹೇಳುತ್ತಾರೆ, ಧಾಟಿ ತುಸು ನಿಧಾನ. ಯಲ್ದೂರಿನಲ್ಲಿ ಪದ ಕನ್ನಡ, ನಡುನಡುವಿನ ಬೈಗುಳ ಮಾತ್ರ ತೆಲುಗು. ಮುಂದೆ ಹೇಳುತ್ತಿದ್ದವಳು ರಜನಿಯ ತಾಯಿ ಚಿಕ್ಕಗಂಗಮ್ಮ. ರಜನಿ ಆಗ ಆರೇಳು ವರ್ಷದವಳು, ಬದುವಿನ ಹೊಂಗೆಮರದಡಿ ಬುತ್ತಿಗಳನ್ನು ನಾಯಿ ಮುಟ್ಟದಂತೆ ಕಾಯುತ್ತ ಕೂತಿರುತ್ತಿದ್ದಳು. ಹೆಂಗಸರು ಸಾಲು ಹಿಡಿದು ದೂರ ಸರಿದಂತೆ ಪದವೂ ಸಣ್ಣದಾಗುತ್ತ, ಆಚೆಯ ಬದು ಮುಟ್ಟುವಷ್ಟರಲ್ಲಿ ಗಾಳಿಯಲ್ಲಿ ಕರಗಿ ಹೋಗುತ್ತಿತ್ತು. ಹೀಗೆ ಕಿವಿಗೆ ಬಿದ್ದ ಧಾಟಿ ಇಪ್ಪತ್ತೇಳು ವರ್ಷದ ಮೇಲೆ, ಬಿಳಿ ದೀಪಗಳ ಕೆಳಗೆ, ತಲೆಗೆ ನೀಲಿ ಟೊಪ್ಪಿ ಹಾಕಿಕೊಂಡು ನಿಂತಿದ್ದಾಗ ತಾನಾಗಿ ಬಾಯಿಗೆ ಬಂದಿತ್ತು. ಫ್ಲೋರ್ ಮ್ಯಾನೇಜರ್ ಉಮಾಶಂಕರ್ ಮೊದಲ ದಿನ, "ಏನಮ್ಮಾ ಇದು, ಕಾರ್ಖಾನೇನೋ ಹೊಲಾನೋ?" ಎಂದು ಎಲ್ಲರೆದುರು ಕೇಳಿದ್ದರು. ತಿಂಗಳೊಪ್ಪತ್ತಿನಲ್ಲಿ ಬೇರೆ ಲೈನುಗಳಲ್ಲಿ ಯಾವುದೋ ಒಂದು ಪರೀಕ್ಷೆ ಬಿಟ್ಟುಹೋದ ಫೋನುಗಳು ಸಿಕ್ಕುತ್ತಿದ್ದವು, ಇವಳ ಲೈನಿನಲ್ಲಿ ಒಂದೂ ಸಿಕ್ಕಲಿಲ್ಲ. ಆಮೇಲೆ ಅವರೇ ಬೇರೆ ಲೈನಿನವರನ್ನು ಕರೆತಂದು ಪದ ಕೇಳಿಸಿದರು. ಇಂದು ಹನ್ನೊಂದು ಗಂಟೆಗೆ ಫೋನು ಕೊಳ್ಳುವ ಕಂಪನಿಯವರು ಬರುವವರಿದ್ದರು. ಅವರೆದುರು ಲೈನು ಪದ ಹೇಳಬೇಕು, ಪದ ಮುಗಿದ ಮೇಲೆ ರಜನಿಗೆ ಲೈನ್ ಲೀಡರಿನ ಹಳದಿ ಟೊಪ್ಪಿ ಹಾಕಬೇಕು, ಮೂರು ಗಂಟೆಗೆ ಹೊಸ ಮಾದರಿಯ ಮೊದಲ ಲಾರಿ ಹೊರಡಬೇಕು ಎಂದು ಉಮಾಶಂಕರ್ ಬುಧವಾರವೇ ಹೇಳಿದ್ದರು. ಬೆಳಿಗ್ಗೆ ಅವಳು ಇಸ್ತ್ರಿಯ ಸೀರೆ ಉಟ್ಟಿದ್ದಳು, ಮೇಲೆ ಕೋಟು ಬರುತ್ತದೆಂದು ಗೊತ್ತಿದ್ದೂ.

ಗೊತ್ತಿರಲಿಲ್ಲವೆಂದು ಹೇಳಲೂ ಬರುವಂತಿರಲಿಲ್ಲ. ಇಡೀ ಲೈನಿನಲ್ಲಿ ಆ ಒಂಬತ್ತನೆಯ ಕೆಲಸದ ಅರ್ಥ ಚೆನ್ನಾಗಿ ತಿಳಿದವಳು ಅವಳೇ. ಸೋಮವಾರ ಉಮಾಶಂಕರ್ ಬೋರ್ಡಿನ ಮೇಲೆ ಬರೆದು ವಿವರಿಸಿದ್ದರು. ಇಂಟರ್ನೆಟ್ಟಿಗೆ ಸೇರುವ ಪ್ರತಿ ಫೋನಿಗೂ ಒಂದು ವಿಳಾಸ ಬೇಕು. ಹಳೆಯ ಬಗೆಯ ವಿಳಾಸ ಎಂದರೆ ನಡುವೆ ಚುಕ್ಕಿ ಇಟ್ಟ ನಾಲ್ಕು ಸಂಖ್ಯೆ. ಅಂಥವು ಒಟ್ಟು ನಾನೂರ ಇಪ್ಪತ್ತೊಂಬತ್ತು ಕೋಟಿಯಷ್ಟೇ ಇದ್ದದ್ದು, ಹಂಚಿ ಮುಗಿದಿವೆ. ಹೊಸ ಬಗೆಯದು, ಐಪಿ ವಿ-ಸಿಕ್ಸ್ ಎನ್ನುವುದು, ಉದ್ದನೆಯದು, ಅಂಕಿಯ ಜೊತೆ ಅಕ್ಷರವೂ ಬರುತ್ತದೆ, ಮುಗಿಯುವ ಮಾತಿಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡಾಗ ರಜನಿಯೇ ಎದ್ದು ನಿಂತು ಹೇಳಿದ್ದಳು: "ನಮ್ಮೂರಲ್ಲಿ ಏಳು ಜನ ವೆಂಕಟರಮಣಪ್ಪಂದಿರು ಅವ್ರೆ. ಬರೀ ವೆಂಕಟರಮಣಪ್ಪಾ ಅಂತ ಕೂಗಿದ್ರೆ ಯಾರು ಬರ್ಬೇಕು? ಅದಕ್ಕೇ ಮನೆ ಹೆಸರು, ಅಪ್ಪನ ಹೆಸರು, ಕೇರಿ ಹೆಸರು ಎಲ್ಲಾ ಸೇರಿಸಿ ಕೂಗ್ತೀವಿ. ಹಳೇ ವಿಳಾಸ ಅಂದ್ರೆ ಬರೀ ಹೆಸರು. ಹೊಸ ವಿಳಾಸ ಅಂದ್ರೆ ಪೂರ್ತಿ ಹೆಸರು. ಎರಡೂ ಕೂಗಿದ್ರೆ ಹಳೇದಕ್ಕೇ ಓಗೊಟ್ಟುಬಿಡ್ತಾನೆ. ಹೊಸದಕ್ಕೆ ಓಗೊಡ್ತಾನೋ ಇಲ್ವೋ ನೋಡ್ಬೇಕಾದ್ರೆ, ಹಳೇದನ್ನ ಕೂಗೋದು ನಿಲ್ಲಿಸ್ಬೇಕು." ಉಮಾಶಂಕರ್ ಚಪ್ಪಾಳೆ ತಟ್ಟಿದ್ದರು. ಒಂಬತ್ತನೆಯ ಕೆಲಸ ಅಷ್ಟೇ. ಪುಟ ಬಿಚ್ಚುವ ಮೊದಲು ಬೆಂಚಿನ ಮೇಲಿನ ಕೆಂಪು ಗುಂಡಿ ಒತ್ತಿ, ಫೋನಿಗೆ ಹಳೆಯ ವಿಳಾಸ ಸಿಗದಂತೆ ಮಾಡಬೇಕು. ಹೊಸ ಫೋನು ಇಟ್ಟಾಗ ಗುಂಡಿ ತಾನಾಗಿ ಮೊದಲಿನಂತಾಗುತ್ತದೆ. ಆ ಸೋಮವಾರ ಅವಳು ಮೂರು ನಾಲ್ಕು ಫೋನಿಗೆ ಒತ್ತಿದ್ದಳು. ಒತ್ತಿದರೂ ಪುಟ ಬಿಚ್ಚಿತು, ಒತ್ತದಿದ್ದರೂ ಬಿಚ್ಚಿತು. ನಾಲ್ಕು ಜೋಡಿಯ ನಡುವೆ ಒಂದು ಒಂಟಿ ಸೊಲ್ಲು ಕೂರಲಿಲ್ಲ. ಉಸಿರು ತಪ್ಪಿತು, ಹಿಂದಿನವರು ಎಡವಿದರು. ಊಟವಾದ ಮೇಲೆ ಕೂರಿಸೋಣ ಎಂದುಕೊಂಡಳು. ಊಟವಾದ ಮೇಲೆ ಕೈ ಪದದ ಜೊತೆ ಹೊರಟುಹೋಗಿತ್ತು. ಶೀಟಿನ ಒಂಬತ್ತು ಮನೆಗಳಿಗೂ ಸಂಜೆ ಒಟ್ಟಿಗೆ ಟಿಕ್ ಹಾಕಿದ್ದಳು. ಉಳಿದ ಹನ್ನೊಂದು ಜನರೂ ಅವಳನ್ನು ನೋಡಿ ಹಾಕಿದ್ದರು.

ಬಸ್ಸು ಇಟ್ಟಿಗೆ ಗೂಡುಗಳನ್ನು ದಾಟಿ ಕಾರ್ಖಾನೆಯ ಗೇಟು ಸೇರಿತು. ಟೊಪ್ಪಿ, ಕೋಟು, ಮಾಸ್ಕು ಧರಿಸಿ ಅವಳು ಎಲ್ಲರಿಗಿಂತ ಮೊದಲು ಲೈನಿಗೆ ಹೋಗಿ ಹನ್ನೆರಡು ಬೆಂಚುಗಳ ಮುಂದೆಯೂ ಬಗ್ಗಿ ನೋಡಿದಳು. ಹೊಸದಾಗಿ ಕೂರಿಸಿದ ಕೆಂಪು ಗುಂಡಿಗಳ ಮೇಲೆ ಗೀರು ಬೀಳದಿರಲೆಂದು ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಪೊರೆ ಹಾಗೆಯೇ ಇತ್ತು. ಹನ್ನೊಂದರ ಮೇಲೆ ಒಂದು ಸುಕ್ಕೂ ಇಲ್ಲ. ತನ್ನ ಬೆಂಚಿನದರ ಮೇಲೆ ಮಾತ್ರ ಮೂರು ನಾಲ್ಕು ಬೆರಳಿನ ಗುರುತು, ಅಷ್ಟೇ. ನಿನ್ನೆ ತೇರ್ಗಡೆಯಾಗಿ ಪೆಟ್ಟಿಗೆ ಸೇರದೆ ಉಳಿದಿದ್ದ ಇಪ್ಪತ್ತು ಫೋನುಗಳ ಟ್ರೇ ಕಂಡಿತು. ಮೊದಲನೆಯದನ್ನು ಇಟ್ಟು ಗುಂಡಿ ಒತ್ತಿದಳು. ಪುಟ ಬಿಚ್ಚಿತು. ಎರಡನೆಯದೂ ಬಿಚ್ಚಿತು. ನೋಡು ಸುಮ್ಮನೆ ಹೆದರಿದೆ ಎಂದು ತನಗೇ ಹೇಳಿಕೊಳ್ಳುತ್ತಿದ್ದಾಗ ಮೂರನೆಯ ಫೋನಿನ ಗಾಜಿನ ಮೇಲೆ ಒಂದು ಸಣ್ಣ ವೃತ್ತ ಸುತ್ತತೊಡಗಿತು. ಸುತ್ತುತ್ತಲೇ ಇತ್ತು. ಗಾಳಿಯ ಗುರುತು ಪೂರ್ತಿ ಇತ್ತು, ಎಲ್ಲವೂ ಸರಿಯಿದೆ ಎನ್ನುವಂತೆ. ಇಪ್ಪತ್ತರಲ್ಲಿ ಎರಡು ಓಗೊಡಲಿಲ್ಲ.

"ಏನು ಲೀಡರಮ್ಮ, ಇಷ್ಟು ಬೇಗ ಬಂದು ಟೊಪ್ಪಿಗೆ ಅಳತೆ ಕೊಡ್ತಾ ಇದೀರಾ?" ಎನ್ನುತ್ತ ಲಾರಿಗೆ ಮಾಲು ಏರಿಸುವ ಕದಿರಪ್ಪ ಗಾಡಿ ತಳ್ಳಿಕೊಂಡು ಬಂದ. "ಆ ಟ್ರೇನೂ ಕೊಟ್ಬಿಡಿ, ಪೆಟ್ಟಿಗೆಗೆ ಹೋಗ್ಲಿ."

"ಎಷ್ಟಾಗೈತೆ ಕದಿರಪ್ಪಣ್ಣ, ಸೋಮವಾರದಿಂದ?"

"ನಿಮ್ಮ ಲೈನಿಂದು ಆರು ಸಾವಿರದ ಮುನ್ನೂರು. ಎಲ್ಲಾ ಲಾರಿ ಬಾಗ್ಲಲ್ಲೇ ಅವೆ. ಯಾಕೆ, ಒಂದೊಂದಕ್ಕೂ ದೃಷ್ಟಿ ತೆಗೀತೀರಾ?"

ಅವಳು ಟ್ರೇ ಕೊಡಲಿಲ್ಲ. ಆಮೇಲೆ ಬಾ ಎಂದಳು. ಅವನು ಹೋದ ಮೇಲೆ ಬೆಂಚಿನ ಅಂಚು ಹಿಡಿದು ನಿಂತಳು. ಇಂದಿನಿಂದ ಗುಂಡಿ ಒತ್ತಿಸಿದರೆ ಸಾಕಲ್ಲ ಎಂದು ಮನಸ್ಸು ಮೆಲ್ಲನೆ ಶುರುಮಾಡಿತು. ಹೋದ ಫೋನುಗಳು ಎಲ್ಲೋ ಹೋಗುತ್ತವೆ, ಯಾರ ಕೈಗೋ ಸೇರುತ್ತವೆ, ಹಳೆಯ ವಿಳಾಸ ಸಿಗುವ ಕಡೆಯೆಲ್ಲ ಚೆನ್ನಾಗಿಯೇ ಇರುತ್ತವೆ. ಸಿಗದ ಕಡೆ ಇಟ್ಟುಕೊಂಡವನು ಫೋನನ್ನು ಎತ್ತಿ ಹಿಡಿದು ಮಾಳಿಗೆ ಹತ್ತುತ್ತಾನೆ, ಟವರು ಸರಿಯಿಲ್ಲ ಎನ್ನುತ್ತಾನೆ. ಯಲ್ದೂರಿನ ರಜನಿ ಎಂದು ಯಾರೂ ಹೇಳುವುದಿಲ್ಲ. ಮೇಘನ ಒಬ್ಬಳಿಗೆ ಗೊತ್ತು. ಬಸ್ಸಿನಲ್ಲಿ ನಕ್ಕದ್ದಕ್ಕೆ ಆ ಹುಡುಗಿ ಇನ್ನು ಬಾಯಿ ಬಿಡಲಾರಳು. ಆ ಯೋಚನೆ ಬಂದ ಕೂಡಲೇ ರಜನಿಗೆ ತನ್ನ ಬಗ್ಗೆ ಹೇಸಿಕೆಯಾಯಿತು. ಬಸ್ಸಿನಲ್ಲಿ ತಾನು ಆ ಮಾತನ್ನು ಯಾಕೆ ಅಷ್ಟು ಗಟ್ಟಿಯಾಗಿ ಆಡಿದೆನೆಂಬುದು ಈಗ ಬಟ್ಟೆ ಕಳಚಿಟ್ಟಂತೆ ಕಂಡಿತು. ಚಿಕ್ಕಂದಿನ ಒಂದು ಮಧ್ಯಾಹ್ನ ನೆನಪಾಯಿತು: ಹೊಂಗೆಮರದ ನೆರಳು, ಬುತ್ತಿಯ ಮೇಲೆ ನೊಣ. ಆಚೆಯ ಬದುವಿನಿಂದ ಹೆಂಗಸರು ಇನ್ನೇನು ಊಟಕ್ಕೆ ಬರಬೇಕು ಎನ್ನುವಾಗ ಎಲ್ಲರೂ ಅಲ್ಲೇ ಗುಂಪಾಗಿ ನಿಂತುಬಿಟ್ಟಿದ್ದರು. "ಏಮ್ ಗಂಗಮ್ಮಾ, ನೀಕೇಮನ್ನಾ ಪಿಚ್ಚಾ?" ಎಂದು ಯಾರೋ ಅವ್ವನಿಗೆ ಹುಚ್ಚೇ ಎಂದು ಕಿರುಚಿದ್ದು ಮರದಡಿಯವರೆಗೂ ಕೇಳಿತ್ತು. ನಡುವಿನ ಒಂದು ಸಾಲಿನಲ್ಲಿ ಕಳೆ ಉಳಿದದ್ದು ಅವ್ವನ ಕಣ್ಣಿಗೆ ಬಿದ್ದಿತ್ತಂತೆ. ಹೊಲದ ಒಡೆಯ ಅಲ್ಲಿರಲಿಲ್ಲ, ನೋಡಿದವರಿಲ್ಲ. ಅವ್ವ ಆ ಸಾಲಿಗೆ ವಾಪಸ್ಸು ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಬೈಯುತ್ತ ಬೈಯುತ್ತ ಉಳಿದವರೂ ಹೋಗಿ ಕೂತರು. ಊಟ ತಣ್ಣಗಾಯಿತು. ಎಲ್ಲರ ಮಕ್ಕಳೆದುರು ತನ್ನ ಅವ್ವನನ್ನು ಹುಚ್ಚಿ ಎಂದರಲ್ಲ ಎಂದು ರಜನಿ ಆವತ್ತು ಮರದ ಹಿಂದೆ ಅಡಗಿಕೊಂಡಿದ್ದಳು. ಸಂಜೆ ದಾರಿಯಲ್ಲಿ ಅವ್ವನ ಕೈ ಹಿಡಿಯಲಿಲ್ಲ.

ಹನ್ನೊಂದಕ್ಕೆ ಅವರು ಬಂದರು, ಒಬ್ಬ ಗಂಡಸು, ಕನ್ನಡಕದ ಒಬ್ಬ ಹೆಂಗಸು. ಉಮಾಶಂಕರರ ಕೈಯಲ್ಲಿ ಕವರಿನೊಳಗೆ ಹಳದಿ ಟೊಪ್ಪಿ. ಅವರ ಮುಖದಲ್ಲಿ ಮದುವೆಮನೆಯ ಹುರುಪಿತ್ತು. "ರಜನಿಯವರೇ, ಶುರು ಮಾಡಿ" ಎಂದರು. ಹನ್ನೆರಡು ಬೆಂಚಿನಲ್ಲಿ ಹನ್ನೆರಡು ಫೋನು. ರಜನಿ ಮಾಸ್ಕು ಕೆಳಗೆ ಸರಿಸಿ ಮೊದಲ ಬಾರಿಗೆ ಬಾಯ್ತೆರೆದು ಹೇಳಿದಳು. ದನಿ ತನ್ನದಲ್ಲ ಎನ್ನುವಷ್ಟು ದೊಡ್ಡದಾಗಿ ಬಂತು. ಗಾಜು ಒರೆಸಿದರು, ಗುಂಡಿ ಒತ್ತಿದರು, ಸಿಮ್ಮು ಸೇರಿತು, ಸದ್ದು ಬಂತು. ಕನ್ನಡಕದ ಹೆಂಗಸು ಮುಗುಳ್ನಗುತ್ತ ತಲೆದೂಗುತ್ತಿದ್ದಳು. "ಗಾಳಿ ಹಿಡಿಸವ್ವ" ಎಂದು ರಜನಿ ನಿಲ್ಲಿಸಿದಳು. ಹಿಂದಿನವರು ಅಭ್ಯಾಸಬಲದಿಂದ "ಪುಟವ..." ಎಂದು ಹೊರಟು, ಮುಂದೆ ದನಿಯಿಲ್ಲದೆ ಒಬ್ಬೊಬ್ಬರಾಗಿ ನಿಂತರು. ಕೊನೆಗೆ ಒಬ್ಬಳ ದನಿ ಮಾತ್ರ ಉಳಿದು ಅದೂ ನಾಚಿ ನಿಂತಿತು.

"ಇಲ್ಲಿ ಒಂದು ಸೊಲ್ಲು ಬಿಟ್ಟೋಗೈತೆ ಸಾರ್" ಎಂದಳು ರಜನಿ. "ಬಿಟ್ಟವಳು ನಾನು. ಇವ್ರೆಲ್ಲಾ ನನ್ನ ಹಿಂದೆ ಹೇಳಿದವ್ರು, ಇವ್ರ ತಪ್ಪಿಲ್ಲ. ಸೋಮವಾರದಿಂದ ಮೂರು ನಾಲ್ಕು ಬಿಟ್ರೆ ಯಾವ ಫೋನಿಗೂ ಹಳೇ ವಿಳಾಸ ನಿಲ್ಲಿಸಿ ನೋಡಿಲ್ಲ."

ಉಮಾಶಂಕರ್ ಹತ್ತಿರ ಬಂದು ಹಲ್ಲು ಬಿಗಿಹಿಡಿದು, "ಇದನ್ನ ನಾಳೆ ಮಾತಾಡೋಣಮ್ಮ. ನಾಳೆ" ಎಂದರು.

"ಲಾರಿ ಇವತ್ತು ಹೋಗ್ತದಲ್ಲ ಸಾರ್."

ಅವಳು ಬೆಳಿಗ್ಗೆ ಓಗೊಡದಿದ್ದ ಒಂದು ಫೋನನ್ನು ಬೆಂಚಿನ ಮೇಲೆ ಇಟ್ಟು ಪುಟ ಬಿಚ್ಚಿ ತೋರಿಸಿದಳು. ಮುಚ್ಚಿದಳು. ಕೆಂಪು ಗುಂಡಿ ಒತ್ತಿ ಮತ್ತೆ ಬಿಚ್ಚಲು ಹೋದಳು. ವೃತ್ತ ಸುತ್ತತೊಡಗಿತು. ಎಲ್ಲರೂ ಬಗ್ಗಿ ಅದನ್ನೇ ನೋಡುತ್ತಿದ್ದರು. ಕನ್ನಡಕದ ಹೆಂಗಸಿನ ಮುಗುಳ್ನಗೆ ಹೋಗಿತ್ತು. "ಎಷ್ಟು ಫೋನು?" ಎಂದು ಕೇಳಿದಳು.

"ಆರು ಸಾವಿರದ ಮುನ್ನೂರು."

"ಕಂಡುಹಿಡಿದವರು ಯಾರು?"

ರಜನಿ ತಿರುಗಿ ಕಂಬದ ಹತ್ತಿರ ನಿಂತಿದ್ದ ಮೇಘನಳ ಕಡೆ ಕೈ ತೋರಿದಳು. "ಈ ಹುಡುಗಿ. ನಮ್ಮ ಲೈನಲ್ಲಿ ಎಣಿಸೋಕೆ ಬರೋದು ಇವಳೊಬ್ಬಳಿಗೇ ಮೇಡಂ." ಬೆಳಿಗ್ಗೆ ಬಸ್ಸಿನಲ್ಲಿ ನಕ್ಕಿದ್ದವರು ನೆಲ ನೋಡಿದರು. ಮೇಘನಳ ಕಣ್ಣುಗಳು ಮಾಸ್ಕಿನ ಮೇಲೆ ಅಗಲವಾದವು.

ಬಂದವರು ಉಮಾಶಂಕರರೊಂದಿಗೆ ಗಾಜಿನ ಕೋಣೆಯೊಳಗೆ ಹೋದರು. ಬಾಗಿಲು ಮುಚ್ಚಿತು. ಹಳದಿ ಟೊಪ್ಪಿ ಮೇಜಿನ ಮೇಲೆ ಕವರಿನಲ್ಲಿಯೇ ಕೂತಿರುವುದು ಹೊರಗಿನಿಂದ ಕಾಣುತ್ತಿತ್ತು. ಕಾಲು ಗಂಟೆಯ ಮೇಲೆ ಕದಿರಪ್ಪ ಗೊಣಗುತ್ತ ಮೊದಲ ರಾಶಿಯ ಪೆಟ್ಟಿಗೆಗಳನ್ನು ವಾಪಸ್ಸು ತಳ್ಳಿಕೊಂಡು ಬಂದ. "ಜನ ಮಾಲು ಹೊರಗೆ ತಳ್ಳಿಸ್ತಾರೆ, ನೀವು ಒಳಗೆ ತಳ್ಳಿಸ್ತೀರಿ. ಲಾರಿಯವನು ನನ್ನ ಅಪ್ಪನ್ನೂ ಬಿಡದೆ ಬೈದ" ಎಂದ. ಪಕ್ಕದ ಬೆಂಚಿನ ಅನಿತ ಸೊಂಟಕ್ಕೆ ಕೈ ಕೊಟ್ಟು, "ಏನೇ ರಜನಿ, ನೀನು ಬಿಟ್ಟಿದ್ದಕ್ಕೆ ನಾವೆಲ್ಲಾ ಬಗ್ಬೇಕಾ? ಇಸ್ತ್ರಿ ಸೀರೆ ಉಟ್ಕೊಂಡು ಬಂದು ಎಂಥಾ ಕೆಲ್ಸ ಕೊಟ್ಟೆ!" ಎಂದಳು. ಆವತ್ತಿನ ಹೊಲದ ಬೈಗುಳದ ಅದೇ ಇಳಿಜಾರು, ಅದೇ ಬಿಸಿಲಿನ ದನಿ. ರಜನಿ ತನ್ನ ಬೆಂಚಿಗೆ ಹೋಗಿ ಕೆಂಪು ಗುಂಡಿಯ ಮೇಲಿನ ಪೊರೆಯ ಮೂಲೆಗೆ ಉಗುರು ಕೊಟ್ಟು ಎಳೆದಳು. ಅದು ಚರ್ರನೆ ಬುಡಸಮೇತ ಬಂತು. ಆಮೇಲೆ ಬಲಗಡೆ ಒಂದು ಚರ್ರ್, ಎಡಗಡೆ ಇನ್ನೊಂದು. ಅನಿತ ಎಲ್ಲರಿಗಿಂತ ಕೊನೆಗೆ, ಬೈಯುತ್ತಲೇ ಎಳೆದಳು. ಹನ್ನೆರಡು ಗುಂಡಿಗಳು ಒಮ್ಮೆಲೇ ಹಸಿ ಕೆಂಪಾಗಿ ಹೊಳೆದವು. ರಜನಿಯ ಎದೆಯೊಳಗೆ ಏನೋ ನೆಟ್ಟಗೆ ನಿಂತಿತು. ಟೊಪ್ಪಿಗಾಗಿ ಕಾದಾಗಲೂ, ಚಪ್ಪಾಳೆ ಬಿದ್ದಾಗಲೂ ಅದು ಹಾಗೆ ನಿಂತಿರಲಿಲ್ಲ. ಮರದ ಹಿಂದೆ ಅಡಗಿದ್ದ ಹುಡುಗಿಯನ್ನು ಯಾರೋ ತೋಳು ಹಿಡಿದು ಹೊಲದೊಳಕ್ಕೆ ಕರೆದುಕೊಂಡು ಹೋದಂತಾಯಿತು.

ಸೊಲ್ಲು ಕೂರಿಸಿದವಳು ಮೇಘನ. ಅವಳಿಗೆ ಹಳೆಯ ಉಸಿರಿನ ಅಭ್ಯಾಸವೇ ಇರಲಿಲ್ಲ. 'ಗಾಳಿ ಹಿಡಿಸವ್ವ' ಎಂದು ರಜನಿ ಎಳೆದು ನಿಲ್ಲಿಸಿದ ಕಡೆ, ಒಬ್ಬಳೇ, ತಾಯಲೂರಿನ ನಿಧಾನದ ಧಾಟಿಯಲ್ಲಿ 'ಹಳೇದ ನಿಲಿಸವ್ವ' ಎಂದಳು. ಹನ್ನೆರಡು ಬೆರಳು ಗುಂಡಿ ಒತ್ತಿದವು. ಆಮೇಲೆ ಎಲ್ಲರೂ ಸೇರಿ ಪುಟ ಬಿಚ್ಚಿದರು. ಮೊದಲಿನ ಆರು ಕೆಲಸ ಆಗಲೇ ಆಗಿದ್ದರಿಂದ ಒಂದು ಫೋನಿಗೆ ಈ ಮೂರು ಸೊಲ್ಲೇ ಸಾಕಾಯಿತು. ಐದು ಗಂಟೆಯ ಹೊತ್ತಿಗೆ ಮುಕ್ಕಾಲು ಪಾಲು ಮುಗಿದಿತ್ತು, ಓಗೊಡದ ನಾನೂರ ಎಂಬತ್ತೆರಡು ಫೋನು ಬೇರೆಯಾಗಿದ್ದವು. ಒಂದು ಕಂತಿನ ಫೋನುಗಳಿಗೆ ತಪ್ಪು ಸಾಫ್ಟ್‌ವೇರ್ ತುಂಬಿದ್ದರೆಂದು ಆಮೇಲೆ ತಿಳಿಯಿತು. ಉಮಾಶಂಕರ್ ಹೊರಗೆ ಬಂದು ಲೈನಿನ ಹಿಂದೆ ಬಹಳ ಹೊತ್ತು ನಿಂತರು. ಕೊನೆಗೆ, "ಟೊಪ್ಪಿ ನನ್ನ ಹತ್ರಾನೇ ಇರ್ಲಿ ರಜನಿಯವರೇ, ಸದ್ಯಕ್ಕೆ" ಎಂದರು. "ಇರ್ಲಿ ಸಾರ್" ಎಂದಳು. ಅವರು ಎರಡು ಹೆಜ್ಜೆ ಹೋಗಿ ತಿರುಗಿ, "ಬೇರೆ ಲೈನಿನ ಗುಂಡಿಗಳನ್ನೂ ನೋಡಿದೆ. ಅಲ್ಲೂ ಪೊರೆ ಹಾಗೇ ಇದೆ. ನಾಳೆ ಅವರಿಗೆ ನೀವೇ ಹೇಳಿಕೊಡಬೇಕು" ಎಂದು, ಅವಳ ಮುಖ ನೋಡದೆ ಹೊರಟರು.

ಯಲ್ದೂರಿನಲ್ಲಿ ಬಸ್ಸಿಳಿದಾಗ ಕತ್ತಲಾಗಿತ್ತು. ಚಿಕ್ಕಗಂಗಮ್ಮ ಜಗಲಿಯ ದೀಪದಡಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ರಜನಿ ಚೀಲ ಇಳಿಸಿ ಮೊರದ ಆಚೆ ಕೂತು, ಸುಲಿಯುತ್ತ ಸುಲಿಯುತ್ತ ದಿನವನ್ನೆಲ್ಲ ಹೇಳಿದಳು, ಬಸ್ಸಿನಲ್ಲಿ ಹುಡುಗಿಯನ್ನು ಅಂದದ್ದನ್ನೂ ಬಿಡದೆ. ಟೊಪ್ಪಿ ಸಿಗಲಿಲ್ಲ ಎಂದಾಗಲೂ ಅವ್ವ ಸುಲಿಯುತ್ತಲೇ ಇದ್ದಳು. ಹೊಸ ಸೊಲ್ಲು ಸೇರಿಸಿ ಪದ ಹೇಳಿ ತೋರಿಸಿದಾಗ ಮಾತ್ರ ಕೈ ನಿಲ್ಲಿಸಿದಳು.

"ಅದು ಹೊಸದೆಲ್ಲೇ? ಅಲ್ಲಿ ಮೊದ್ಲಿಂದಾನೂ ಒಂದು ಸೊಲ್ಲಿತ್ತು."

"ಎಲ್ಲಿತ್ತವ್ವಾ? ನಾನು ಕೇಳೇ ಇಲ್ಲ."

"ನೀನೆಲ್ಲಿ ಕೇಳ್ತೀಯ, ಈ ಬದಿನಲ್ಲಿ ಬುತ್ತಿ ಕಾಯ್ಕೊಂಡು ಕೂತಿರ್ತಿದ್ದೆ. ಅದನ್ನ ಆಚೆ ಬದು ಹೋಗಿ ಮುಟ್ಟಿದ ಮೇಲೆ ಹೇಳೋದು. ಮುಂದೆ ಹೇಳೋಳು ಒಬ್ಬಳೇ ಹೇಳ್ಬೇಕು. ಅದಕ್ಕೆ ಜೋಡಿ ಇಲ್ಲ."

"ಏನಂತ?"

ಚಿಕ್ಕಗಂಗಮ್ಮ ಮಡಿಲಿನ ಸಿಪ್ಪೆ ಕೊಡವಿದಳು. ಬೆನ್ನು ನೆಟ್ಟಗೆ ಮಾಡಿ, ಒಂದು ಹೊಲದ ಉದ್ದ ನಡೆದು ಬಂದವಳಂತೆ ಉಸಿರು ತೆಗೆದುಕೊಂಡು, ಒಡೆದ ದನಿಯಲ್ಲಿ ಹೇಳಿದಳು:

"ತಿರುಗಿ ನೋಡವ್ವ."

ಜೋಡಿಯಿಲ್ಲದ ಆ ಸೊಲ್ಲಿಗೆ ರಜನಿ ತನ್ನ ದನಿ ಸೇರಿಸಿದಳು.